ಸದಾಶಿವಪ್ಪನವರ ಕಲಂ ಹತ್ತೊಂಬತ್ತು

ಶಿಕಾರಿಪುರದ ಸದಾಶಿವಪ್ಪನವರು ನಲವತ್ತೊಂದು ವರ್ಷಗಳಿಂದ ಬೇರೆಯವರ ಅರ್ಜಿ ಬರೆಯುತ್ತ ಬಂದಿದ್ದಾರೆ. ವಾರದಲ್ಲಿ ನಾಲ್ಕು ದಿನ ಅವರ ಮೇಜು ಶಿಕಾರಿಪುರದ ತಾಲ್ಲೂಕು ಕಚೇರಿಯ ಹತ್ತಿರ ಇರುತ್ತದೆ. ಮಂಗಳವಾರ ಮತ್ತು ಶುಕ್ರವಾರ ಸೊರಬದ ತಾಲ್ಲೂಕು ಕಚೇರಿಯ ಮುಂದೆ, ಒಂದು ತಗಡಿನ ಮಾಡಿನ ಕೆಳಗೆ. ವಯಸ್ಸು ಅರವತ್ತಮೂರು. ಪಿಯುಸಿಯಲ್ಲಿ ಎರಡು ಸಲ ಫೇಲಾದರು, ಅಪ್ಪನ ಧಾನ್ಯದಂಗಡಿಯಲ್ಲಿ ಕೂರಲು ಮನಸ್ಸಿರಲಿಲ್ಲ, ಅಕ್ಷರ ದುಂಡಗಿತ್ತು. ಇಷ್ಟೇ ಕಾರಣಕ್ಕೆ ಈ ಕೆಲಸಕ್ಕೆ ಬಂದವರು. ಈಗ ಕಂಪ್ಯೂಟರ್ ಸೆಂಟರಿನಲ್ಲಿ ಐದು ನಿಮಿಷಕ್ಕೆ ಅರ್ಜಿ ಮುದ್ರಿಸಿ ಕೊಡುತ್ತಾರೆ. ಆದರೂ ಕೈಬರಹದಲ್ಲಿ ಬರೆದರೆ ಮಾತಿಗೆ ತೂಕ ಹೆಚ್ಚು ಎಂದು ನಂಬುವವರು ಎರಡೂ ತಾಲ್ಲೂಕಿನಲ್ಲಿ ಇನ್ನೂ ಉಳಿದಿದ್ದಾರೆ.

ಅವರ ಕೆಲಸಕ್ಕೆ ಒಂದು ಕ್ರಮವಿದೆ. ಎದುರಿನ ಸ್ಟೂಲಿನ ಮೇಲೆ ಯಾರಾದರೂ ಬಂದು ಕೂತರೆ ಪೆನ್ನಿಗೆ ಟೋಪಿ ಹಾಕಿ ಮೇಜಿನ ಮೇಲೆ ಅಡ್ಡ ಇಡುತ್ತಾರೆ. ಬಂದವರ ಮಾತು ಮುಗಿಯುವ ತನಕ ಅದನ್ನು ಮುಟ್ಟುವುದಿಲ್ಲ. ಅಳಲಿ, ಬೈಯಲಿ, ಅಜ್ಜನ ಕಾಲದಿಂದ ಶುರುಮಾಡಲಿ, ಕೇಳುತ್ತಾರೆ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ: "ಸರಿ, ಏನಾಗಬೇಕು?" ಅದಕ್ಕೆ ಒಂದು ಸಾಲಿನ ಉತ್ತರ ಸಿಕ್ಕಿದ ಮೇಲೆಯೇ ಪೆನ್ನು ಏಳುವುದು. ಬೆಳಿಗ್ಗೆ ಅಣ್ಣ ಬಂದು ತಮ್ಮನ ಮೇಲೆ ಬರೆಸಿ, ಮಧ್ಯಾಹ್ನ ತಮ್ಮ ಬಂದು ಅಣ್ಣನ ಮೇಲೆ ಬರೆಸಿದ್ದೂ ಉಂಟು. ಎರಡೂ ಅರ್ಜಿಗಳು ನಂಬುವ ಹಾಗಿದ್ದವು.

ಹಾಗೆಂದು ಅವರಿಗೆ ಸ್ವಂತ ರಾಜಕೀಯ ಅಭಿಪ್ರಾಯ ಇರಲಿಲ್ಲವೆಂದಲ್ಲ. ಗಟ್ಟಿಯಾಗಿಯೇ ಇತ್ತು. ಮನೆಯವರೆಲ್ಲ ಯಾವ ಪಕ್ಷಕ್ಕೆ ಮತ ಹಾಕುತ್ತಿದ್ದರೋ ಅದಕ್ಕೇ ಅವರೂ ಹಾಕುತ್ತಿದ್ದರು. ಹೆಂಡತಿಯ ತಮ್ಮ ಈಶ್ವರ ಆ ಪಕ್ಷದ ಹೋಬಳಿ ಮಟ್ಟದ ಮುಖಂಡ. ಸರ್ಕಾರ ಎಂದ ಮೇಲೆ ಕಟ್ಟಬೇಕು: ರಸ್ತೆ, ಕಾಲುವೆ, ಗೋದಾಮು. ಖಾಲಿ ಬಿದ್ದ ನೆಲ ದಂಡ. ಎಲ್ಲರಿಗೂ ಸೇರಿದ ಜಾಗವನ್ನು ಯಾರೂ ನೋಡಿಕೊಳ್ಳುವುದಿಲ್ಲ, ಅಲ್ಲಿ ಬರೀ ಲಂಟಾನ ಬೆಳೆಯುತ್ತದೆ. ಟೀ ಅಂಗಡಿಯಲ್ಲಿ ಅವರು ಈ ಮಾತುಗಳನ್ನು ಆಡಿದರೆ ಎದುರು ಹೇಳುವವರು ಕಡಿಮೆ.

ತೊಂದರೆ ಇದ್ದದ್ದು ಬಸ್ಸಿನಲ್ಲಿ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಅಷ್ಟು ಹೊತ್ತೂ ಅವರು ವಿಜ್ಞಾನ ಕಾದಂಬರಿ ಓದುತ್ತಿದ್ದರು. ಬೇರೆ ಗ್ರಹ, ಬೇರೆ ನಕ್ಷತ್ರ, ಇನ್ನೂರು ವರ್ಷದ ನಂತರದ ಭೂಮಿ. ಲೈಬ್ರರಿಯಲ್ಲಿ ಆ ಕಪಾಟಿನ ಮುಂದೆ ನಿಲ್ಲುವವರು ಅವರೊಬ್ಬರೇ. ಸೊರಬದ ಎರಡು ದಿನವನ್ನು ಅವರು ಇಟ್ಟುಕೊಂಡಿದ್ದೇ ಬಸ್ಸಿನ ಓದಿಗಾಗಿ ಎಂದು ಹೆಂಡತಿ ಜಗದಾಂಬ ಹೇಳುತ್ತಿದ್ದರು. ಅದು ಸುಳ್ಳಲ್ಲ.

ಜಗದಾಂಬ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಗಂಡ ಓದಿಟ್ಟ ಪುಸ್ತಕವನ್ನು ಒಂದು ಸಲ ತಿರುವಿಹಾಕದೆ ಲೈಬ್ರರಿಗೆ ವಾಪಸು ಕಳಿಸಿದವರಲ್ಲ. ಹಾಗೆ ತಿರುವಿ ಹಾಕಿಯೇ ಅವರು ಒಂದು ವಿಷಯ ಕಂಡುಹಿಡಿದಿದ್ದರು.

"ಅಲ್ರೀ, ಈ ಪುಸ್ತಕದಲ್ಲಿ ಗಣಿ ಮಾಲೀಕರ ಕಡೆ ನೀವು ಇಲ್ಲ. ಕೂಲಿಯವರ ಕಡೆ ಇದ್ದೀರಿ. ಅಂಚಿನಲ್ಲಿ ಪೆನ್ಸಿಲ್ ಗೀಟು ಹಾಕಿದ್ದೆಲ್ಲ ಅವರ ಮಾತಿಗೇ."

"ಅದು ಕತೆ ಕಣೆ."

"ಕತೆ ಆದ್ರೆ ಓದೋವಾಗ ಯಾಕೆ ಮುಷ್ಟಿ ಬಿಗಿ ಹಿಡೀತೀರಿ? ಬೂತಿನೊಳಗೆ ಒಂದು ಪಕ್ಷ, ಪುಸ್ತಕದೊಳಗೆ ಇನ್ನೊಂದು. ಬಸ್ಸು ಹತ್ತಿದ ಕೂಡ್ಲೇ ಪಕ್ಷಾಂತರ ಮಾಡ್ತೀರಲ್ರೀ!"

ಸದಾಶಿವಪ್ಪನವರು ಇದರ ಬಗ್ಗೆ ಯೋಚಿಸಿದ್ದರು. ಅದಕ್ಕೂ ಹಿಂದಿನ ತಿಂಗಳು ಒಬ್ಬ ಕಟ್ಟುನಿಟ್ಟಿನ ಸೇನಾಪತಿ ಇಡೀ ಗ್ರಹವನ್ನು ಮುಷ್ಟಿಯಲ್ಲಿಟ್ಟುಕೊಂಡು ಕಾಪಾಡುವ ಕಾದಂಬರಿ ಓದಿದ್ದರು; ಅದೂ ಅಷ್ಟೇ ಚೆನ್ನಾಗಿತ್ತು, ಅದರಲ್ಲಿ ಅವರು ಸೇನಾಪತಿಯ ಕಡೆ ಇದ್ದರು. ಹಾಗಾದರೆ ಯಾವುದು ತಮ್ಮ ಅಭಿಪ್ರಾಯ, ಯಾವುದು ಲೇಖಕನದು? ಸೇನಾಪತಿಯನ್ನು ಮೆಚ್ಚಿದವನಿಗೆ ಕೂಲಿಯವರು ಗೆದ್ದಾಗ ಯಾಕೆ ಖುಷಿಯಾಯಿತು? ಯೋಚಿಸಿದಷ್ಟೂ ಗೋಜಲಾಗುತ್ತಿತ್ತು. ಕೊನೆಗೆ ಯೋಚಿಸುವುದನ್ನು ಬಿಟ್ಟು ಓದುವುದನ್ನು ಮುಂದುವರಿಸಿದ್ದರು.

ಜುಲೈ ತಿಂಗಳ ಒಂದು ಮಂಗಳವಾರ. ಅಂದು ಅವರ ಕೈಯಲ್ಲಿದ್ದ ಪುಸ್ತಕಕ್ಕೆ ರಟ್ಟೂ ಇರಲಿಲ್ಲ, ಮೊದಲ ಹದಿನಾರು ಪುಟವೂ ಇರಲಿಲ್ಲ. ಹೆಸರೇನು, ಬರೆದವರು ಯಾರು ಗೊತ್ತಿಲ್ಲ. ಕತೆ ಒಂದು ಹಿಮದ ಗ್ರಹದ್ದು. ಅಲ್ಲಿ ಎಲ್ಲ ಕಡೆ ಹಿಮ, ನಡುವೆ ಅಲ್ಲೊಂದು ಇಲ್ಲೊಂದು ತುಂಡು ಬಿಸಿ ನೆಲ. ಬದುಕಬೇಕಾದರೆ ಆ ಬಿಸಿ ನೆಲವೇ ಗತಿ. ಮೊದಲು ಬಂದಿಳಿದ ಜನ ಸಭೆ ಸೇರಿ ಸಾಮಾನ್ಯ ನೆಲ ನಿಯಮ ಎಂಬ ಕಾನೂನು ಮಾಡುತ್ತಾರೆ. ಅದರ ಹತ್ತೊಂಬತ್ತನೆಯ ಕಲಂ ಹೀಗಿತ್ತು: 'ಇನ್ನೂ ಹುಟ್ಟದವರ ಪಾಲಿನ ನೆಲವನ್ನು ಹುಟ್ಟಿದವರು ಹಂಚಿಕೊಳ್ಳತಕ್ಕದ್ದಲ್ಲ.' ಸದಾಶಿವಪ್ಪನವರು ಆ ಸಾಲನ್ನು ಮೂರು ಸಲ ಓದಿ, ಪೆನ್ಸಿಲ್ ಗೀಟು ಹಾಕಿ, ಸೊರಬದಲ್ಲಿ ಇಳಿದರು.

ಸ್ಟೂಲಿನ ಮೇಲೆ ಆಗಲೇ ಒಬ್ಬರು ಬಂದು ಕೂತಿದ್ದರು. ಹೂವಮ್ಮ. ಐವತ್ತರ ಆಸುಪಾಸು, ಶಿಕಾರಿಪುರದ ಗಡಿಗೆ ತಗುಲಿದ ಹಳ್ಳಿಯ ಕುರಿ ಸಾಕುವ ಮನೆಯವರು. ಅದು ಜಗದಾಂಬನವರ ತವರೂರೂ ಹೌದು. ಪೆನ್ನು ಅಡ್ಡ ಮಲಗಿತು.

"ರೈಟ್ರೆ, ನಮ್ಮೂರ ಗೋಮಾಳ ಹನ್ನೊಂದು ಎಕರೆ ಐತೆ. ನಮ್ಮ ಕುರಿ ಮೇಯೋದು ಅಲ್ಲೇ. ಈಗ ಮೆಕ್ಕೆಜೋಳದ ಸಂಘದೋರು ಅಲ್ಲಿ ಕಣ ಮಾಡ್ತಾರಂತೆ, ಗೋಡೌನ್ ಕಟ್ತಾರಂತೆ. ಕುರೀನ ಎಲ್ಲಿ ನಿಲ್ಲಿಸ್ಲಿ, ನನ್ನ ತಲೆ ಮ್ಯಾಲಾ? ನಮ್ಮ ಯಜಮಾನ್ರು ಉಜ್ಜಪ್ಪ ಅಂತ, 'ಸುಮ್ಕಿರೆ, ದೊಡ್ಡೋರ ಸಾವಾಸ' ಅಂತಾರೆ. ನಂಗೆ ಸುಮ್ಕಿರಕ್ಕೆ ಬರಲ್ಲ."

ಸಂಘದ ಅಧ್ಯಕ್ಷ ಈಶ್ವರನೇ ಎಂದು ಸದಾಶಿವಪ್ಪನವರಿಗೆ ಗೊತ್ತಿತ್ತು. ಅದು ಅವರ ಕೆಲಸಕ್ಕೆ ಸಂಬಂಧಿಸಿದ್ದಲ್ಲ.

"ಸರಿ, ಏನಾಗಬೇಕು?"

"ಅದು ಇದ್ದಂಗೆ ಇರ್ಬೇಕು."

"ನಿಮಗೆ ಮಂಜೂರು ಮಾಡ್ಬೇಕು ಅಂತ ಬರೀಲಾ?"

"ನಂಗ್ಯಾಕೆ? ನಂಗೂ ಬ್ಯಾಡ. ಯಾರಿಗೂ ಕೊಡ್ಬ್ಯಾಡಿ ಅಂತ ಬರೀರಿ. ನಾಳೆ ಹುಟ್ಟೋ ಹುಡುಗ್ರು ಕುರಿ ಸಾಕ್ತೀನಿ ಅಂದ್ರೆ ಜಾಗ ಬ್ಯಾಡ್ವ?"

ನಲವತ್ತೊಂದು ವರ್ಷದಲ್ಲಿ ಆ ಸ್ಟೂಲಿನ ಮೇಲೆ ಕೂತವರೆಲ್ಲ 'ನನಗೆ ಕೊಡಿ' ಎಂದವರೇ. ಯಾರಿಗೂ ಕೊಡಬೇಡಿ ಎಂದು ಕೇಳಿದವರು ಇವರೇ ಮೊದಲು. ಸದಾಶಿವಪ್ಪನವರು ಪೆನ್ನೆತ್ತಿದರು. ವಿಷಯ ಬರೆದರು: ಗೋಮಾಳ ಮಂಜೂರಾತಿಗೆ ತಕರಾರು. ಅದರ ಕೆಳಗೆ ಉಲ್ಲೇಖ. ಯಾವ ಕಾನೂನಿನ ಆಧಾರದ ಮೇಲೆ ಕೇಳುತ್ತಿದ್ದೇವೆ ಎಂದು ಹೇಳುವ ಜಾಗ ಅದು. ಅವರ ತಲೆಯಲ್ಲಿ ನೂರಾರು ಕಲಮುಗಳಿದ್ದವು. ಬೇಕಾದದ್ದು ತಾನಾಗಿ ಕೈಗೆ ಇಳಿದುಬರುತ್ತಿತ್ತು. ಅಂದೂ ಇಳಿದು ಬಂತು: 'ಸಾಮಾನ್ಯ ನೆಲ ನಿಯಮ, ಕಲಂ ೧೯.' ಕೆಳಗೆ ಅದರ ಒಕ್ಕಣೆಯನ್ನೂ ಪೂರ್ತಿ ಬರೆದರು. ಎಲ್ಲಿಂದ ಬಂತೆಂದು ಆ ಗಳಿಗೆಯಲ್ಲಿ ಅವರಿಗೆ ಅನುಮಾನವೇ ಬರಲಿಲ್ಲ.

ಹೂವಮ್ಮ ಆ ಸಾಲನ್ನು ಎರಡು ಸಲ ಓದಿಸಿಕೊಂಡರು. "ಇಂಥ ಕಾನೂನೂ ಐತೇನ್ರಿ? ಯಾರೂ ಹೇಳೇ ಇರ್ಲಿಲ್ಲ."

"ಐತೆ, ಬರೆದೀನಲ್ಲ," ಎಂದರು ಸದಾಶಿವಪ್ಪನವರು.

ಹೂವಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಕಚೇರಿಯ ತಪಾಲು ಮೇಜಿಗೆ ಕೊಟ್ಟು, ಮುದ್ರೆ ಒತ್ತಿದ ಪ್ರತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು.

ಮೂರು ವಾರದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಈಶ್ವರ ಶಿಕಾರಿಪುರದ ಮನೆಗೆ ಬಂದ. ಕೈಯಲ್ಲಿ ಅದೇ ತಕರಾರು ಅರ್ಜಿಯ ಜೆರಾಕ್ಸ್.

"ಅಕ್ಷರ ನಿಮ್ದೇ ಭಾವ, ನಂಗೆ ಬೇಜಾರಿಲ್ಲ. ನಿಮ್ಮ ಕಸುಬು ಅದು. ಶುಕ್ರವಾರ ವಿಚಾರಣೆ ಐತೆ. ಇದಕ್ಕೆ ಉತ್ತರಾನೂ ನೀವೇ ಬರೆದು ಕೊಡ್ಬೇಕು."

"ಬರೆದ್ರಾಯ್ತು. ಏನಾಗಬೇಕು?"

"ಕಣ ಆಗ್ಬೇಕು. ನೀವೇ ನೋಡೀರಲ್ಲ, ಕೊಯ್ಲು ಮುಗಿದ್ರೆ ಜನ ಟಾರು ರಸ್ತೆ ಮೇಲೆ ಜೋಳ ಒಣಗಿಸ್ತಾರೆ. ಹೋದ ವರ್ಷ ಬೈಕಿನೋನು ಜಾರಿ ಬಿದ್ದು ಕಾಲು ಮುರ್ಕೊಂಡ. ಮಳೆ ಬಂದ್ರೆ ಅರ್ಧ ಬೂಸ್ಟು. ಇಡೀ ಊರಿಗೆ ಬೇಕಾದ್ದು ಇದು, ನಂಗೊಬ್ಬನಿಗಲ್ಲ. ಅದಿರ್ಲಿ, ಇದ್ಯಾವ ಆಕ್ಟು ಭಾವ? ಕಲಂ ಹತ್ತೊಂಬತ್ತು? ವಕೀಲರನ್ನ ಕೇಳ್ದೆ. ಮೂರು ದಿನ ಹುಡುಕಿದ್ರು, ಸಿಗ್ಲಿಲ್ಲ. ಹಳೇ ಮೈಸೂರು ಕಾಲದ್ದಿರ್ಬೇಕು ಅಂದ್ರು."

ಸದಾಶಿವಪ್ಪನವರು ಕಾಗದ ತೆಗೆದುಕೊಂಡು ಓದಿದರು. ತಮ್ಮದೇ ದುಂಡಗಿನ ಅಕ್ಷರ. ಅವರ ಕಿವಿ ಬಿಸಿಯಾಯಿತು.

"ನೋಡಿ ಹೇಳ್ತೀನಿ," ಎಂದರು.

ಒಳಗಿನಿಂದ ಚಹಾ ತಂದ ಜಗದಾಂಬ ಅರ್ಜಿಯನ್ನು ನಿಂತೇ ಓದಿದರು. ಈಶ್ವರ ಗೇಟು ದಾಟಿ ಹೋದ ಮೇಲೆ ರಟ್ಟಿಲ್ಲದ ಪುಸ್ತಕ ತಂದು, ಗೀಟು ಹಾಕಿದ ಪುಟ ತೆಗೆದು ಗಂಡನ ಮುಂದಿಟ್ಟರು.

"ನಿಮ್ಮ ಆಕ್ಟು ಇಲ್ಲೈತೆ ನೋಡಿ. ಹಳೇ ಮೈಸೂರಂತೆ! ಇನ್ನೂ ಯಾರೂ ಹೋಗೇ ಇಲ್ಲದ ಊರಿನದು."

"ಹೆಂಗಾಯ್ತೋ ಗೊತ್ತಿಲ್ಲ ಕಣೆ."

"ಹೆಂಗಾಯ್ತು ಅನ್ನೋದು ಆಮೇಲೆ. ಶುಕ್ರವಾರ ವಿಚಾರಣೇಲಿ ಇದು ಸುಳ್ಳು ಅಂತ ಗೊತ್ತಾದ್ರೆ ಸಹಿ ಯಾರದ್ದು? ಹೂವಮ್ಮನದು. ಸುಳ್ಳು ಕಾನೂನು ಹೇಳಿದೋಳು ಅಂತ ಅವಳ ಅರ್ಜಿ ಪೂರ್ತಿ ಕಸದ ಬುಟ್ಟಿಗೆ. ನಿಮ್ಮ ಹೆಸರು ಎಲ್ಲೂ ಇಲ್ಲ."

ಅದು ನಿಜ. ಅರ್ಜಿ ಬರೆಯುವವನ ಹೆಸರು ಅರ್ಜಿಯಲ್ಲಿ ಇರುವುದಿಲ್ಲ. ಇಷ್ಟು ವರ್ಷ ಅವರಿಗೆ ಅದು ಅನುಕೂಲವಾಗಿಯೇ ಕಂಡಿತ್ತು.

ಆ ವಾರ ಈಶ್ವರನ ಉತ್ತರಕ್ಕೆ ಅವರು ಪೆನ್ನೆತ್ತಲೇ ಇಲ್ಲ. ಇಂಥ ಕಾನೂನು ಇಲ್ಲವೆಂದು ಈಶ್ವರನಿಗೆ ಬರೆದುಕೊಟ್ಟರೆ ಅವನ ಕೆಲಸ ಅಲ್ಲಿಗೇ ಆಗುತ್ತದೆ, ಹೂವಮ್ಮ ಸುಳ್ಳುಗಾತಿಯಾಗುತ್ತಾರೆ. ಕಾನೂನು ಇದೆ ಎಂಬಂತೆ ಉತ್ತರ ಬರೆದರೆ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ಇಷ್ಟು ಸ್ಪಷ್ಟವಿತ್ತು. ಅಸ್ಪಷ್ಟವಾಗಿದ್ದದ್ದು ಬೇರೆ. ಕಣ ಬೇಕು ಎನ್ನುವುದು ಅವರದೇ ಅಭಿಪ್ರಾಯ. ರಸ್ತೆಯ ಮೇಲೆ ಒಣಗುವ ಜೋಳ ಕಂಡಾಗಲೆಲ್ಲ ಬಸ್ಸಿನಲ್ಲಿ ಅವರೇ ಸರ್ಕಾರಕ್ಕೆ ಬೈದಿದ್ದರು. ಹಾಗಿದ್ದರೆ ಆ ಕಲಂ ಕೈಗೆ ಯಾಕೆ ಇಳಿದು ಬಂತು? ಗೋಮಾಳಕ್ಕೆ ನಿಜವಾದ ನಿಯಮಗಳಿವೆ, ಅವು ಅವರಿಗೆ ಬಾಯಿಪಾಠ. ಅವನ್ನೆಲ್ಲ ಹಿಂದೆ ತಳ್ಳಿ ಇದೇ ಮುಂದೆ ಬರಬೇಕಾದರೆ ಒಳಗೆ ಎಲ್ಲೋ ತಾನು ಇದನ್ನೇ ನಂಬಿದ್ದೇನೆಯೆ? ಅಥವಾ ಬರೀ ಒಕ್ಕಣೆ ಚೆನ್ನಾಗಿತ್ತು ಅಂತಲೆ? ಒಳ್ಳೆಯ ವಾಕ್ಯ ಮೆಚ್ಚುವುದೂ ಅದರ ಅರ್ಥವನ್ನು ಒಪ್ಪುವುದೂ ಒಂದೆಯೆ?

"ನೀನು ಏನಂತಿ?" ಎಂದು ಹೆಂಡತಿಯನ್ನು ಕೇಳಿದರು.

"ನನ್ನ ತಮ್ಮ, ನನ್ನ ತವರೂರು. ನನ್ನ ಕೇಳ್ಬೇಡಿ. ನಿಮ್ಮದು ಹೇಳಿ."

"ನನ್ನದು ಗೊತ್ತಾಗ್ತಿಲ್ಲ."

"ಮೊದಲ್ನೇ ಸಲ ನಿಜ ಹೇಳಿದ್ರಿ," ಎಂದರು ಜಗದಾಂಬ.

ಶುಕ್ರವಾರ ಬಸ್ಸಿನಲ್ಲಿ ಕಾದಂಬರಿಯ ಉಳಿದ ಭಾಗವನ್ನು ಓದಿ ಮುಗಿಸಿದರು. ಕೊನೆಯಲ್ಲಿ ಕಲಂ ಹತ್ತೊಂಬತ್ತಕ್ಕೆ ಏನಾಯಿತು ಎಂದು ತಿಳಿದರೆ ದಾರಿ ಸಿಗಬಹುದು ಎಂಬ ಆಸೆ ಇತ್ತು. ಕತೆಯ ಕೊನೆಯಲ್ಲಿ ಹಿಮ ಜಾಸ್ತಿಯಾಗುತ್ತದೆ. ಮಕ್ಕಳಿಗೆ ಬೆಚ್ಚಗಿನ ಒಂದು ಚಾವಡಿ ಕಟ್ಟಬೇಕು. ಉಳಿದಿರುವ ಬಿಸಿ ನೆಲವೆಲ್ಲ ಹುಟ್ಟದವರಿಗೆ ಮೀಸಲು. ಕಟ್ಟುವುದಿಲ್ಲ. ಆ ಚಳಿಗಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಏಳು ಜನ ಸಾಯುತ್ತಾರೆ. ಮರುವರ್ಷ ಸಭೆ ಸೇರುತ್ತದೆ, ಕಲಂ ತೆಗೆಯಬೇಕೆಂದು ಅರ್ಧ ಜನ ಕೈ ಎತ್ತುತ್ತಾರೆ, ಬೇಡವೆಂದು ಅರ್ಧ ಜನ. ಅಲ್ಲಿಗೆ ಪುಸ್ತಕ ಮುಗಿದಿತ್ತು. ಹರಿದು ಹೋಗಿದೆಯೇನೋ ಎಂದು ಬೆರಳಿಟ್ಟು ನೋಡಿದರು. ಹರಿದಿರಲಿಲ್ಲ, ಕೊನೆಯ ಸಾಲಿನ ಕೆಳಗೆ 'ಮುಗಿಯಿತು' ಎಂದು ಅಚ್ಚಾಗಿತ್ತು. ಬರೆದವನು ಯಾವ ಪಕ್ಷದವನೋ ತಿಳಿಯಲಿಲ್ಲ. ಸದಾಶಿವಪ್ಪನವರಿಗೆ ಅವನ ಮೇಲೆ ಸಿಟ್ಟು ಬಂತು.

ಹೂವಮ್ಮ ತಗಡಿನ ಮಾಡಿನ ಕೆಳಗೆ ಕಾಯುತ್ತಿದ್ದರು. ಸದಾಶಿವಪ್ಪನವರು ಸುತ್ತುಬಳಸದೆ ಹೇಳಿದರು. ಹೂವಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅಂದ್ರೆ, ಆ ಕಾನೂನು ಇಲ್ಲ?"

"ಇಲ್ಲ. ಕತೆ ಪುಸ್ತಕದ್ದು."

"ಐತೆ ಅಂದ್ರಲ್ರೀ! ಊರೆಲ್ಲ ಹೇಳ್ಕೊಂಡು ಬಂದೀನಿ. ನಮ್ಮ ಯಜಮಾನ್ರ ಬಾಯಿ ಮುಚ್ಚಿಸೀನಿ. ಈಗ ಅಲ್ಲಿ ಹೋಗಿ ನಿಂತ್ರೆ ನಾನು ಸುಳ್ಳು ಹೇಳ್ದಂಗಾಯ್ತಲ್ಲ? ಅಕ್ಷರ ಬಲ್ಲೋರು ಅಂತ ನಿಮ್ಮ ಹತ್ರ ಬಂದಿದ್ದಕ್ಕೆ ಚೆನ್ನಾಗಿ ಮಾಡಿದ್ರಿ ಬಿಡಿ."

"ನಾನೇ ಬರೆದು ಕೊಡ್ತೀನಿ, ತಪ್ಪು ನಂದು ಅಂತ. ನನ್ನ ಹೆಸರಲ್ಲಿ."

"ಬರೀರಿ. ನನ್ನ ಮುಂದೇನೇ ಬರೀರಿ."

ಹಾಗಾಗಿ ಅವರು ಮೊದಲ ಸಲ ಸ್ವಂತ ಹೆಸರಿನಲ್ಲಿ ಅರ್ಜಿ ಬರೆಯಲು ಕೂತರು. ಅಭ್ಯಾಸದಂತೆ ಪೆನ್ನನ್ನು ಅಡ್ಡ ಇಟ್ಟು, ತಮ್ಮ ಮಾತನ್ನು ತಾವೇ ಕೇಳಿಸಿಕೊಳ್ಳಲು ನೋಡಿದರು. ಏನೂ ಕೇಳಿಸಲಿಲ್ಲ. ಹೂವಮ್ಮ ಎದುರು ನಿಂತೇ ಇದ್ದರು. ಪೆನ್ನೆತ್ತಿ ನಡೆದದ್ದನ್ನು ನಡೆದಂತೆ ಬರೆದರು: ಸದರಿ ತಕರಾರು ಅರ್ಜಿಯಲ್ಲಿನ ಉಲ್ಲೇಖ ಅರ್ಜಿದಾರರು ಹೇಳಿದ್ದಲ್ಲ, ಬರೆದವನು ಕಾದಂಬರಿಯೊಂದರಿಂದ ತಪ್ಪಾಗಿ ಬರೆದದ್ದು, ಅಂಥ ನಿಯಮ ಈ ದೇಶದಲ್ಲಿ ಇಲ್ಲ. ಕೊನೆಗೆ 'ಕೋರಿಕೆ' ಎಂದು ಬರೆದರು. ಅದರ ಮುಂದೆ ಪೆನ್ನು ನಿಂತಿತು. ಕಚೇರಿಯ ಒಳಗಿನಿಂದ ಹೂವಮ್ಮನ ಹೆಸರು ಕೂಗಿದರು. ಹಾಗೇ ಎದ್ದು ಹೋದರು.

ಮಂಜೂರಾತಿಯ ವರದಿ ಕಳಿಸುವ ಮೊದಲು ತಕರಾರು ಕೇಳುವ ವಿಚಾರಣೆ ಅದು. ತಹಶೀಲ್ದಾರರು ನಲವತ್ತರ ಹೆಂಗಸು. ಸದಾಶಿವಪ್ಪನವರ ಹಾಳೆಯನ್ನು ಎಲ್ಲರಿಗೂ ಕೇಳುವಂತೆ ಓದಿದರು, ಇನ್ನೊಂದು ಸಲ ಮನಸ್ಸಿನಲ್ಲೇ ಓದಿದರು, ನಗಲಿಲ್ಲ. ಬದಿಯಲ್ಲಿ ನಿಂತಿದ್ದ ಈಶ್ವರನ ಮುಖ ಕೆಂಪಾಗಿತ್ತು.

"ಅಂದ್ರೆ ಭಾವ, ಮೂರು ದಿನ ಆ ವಕೀಲರು ಹುಡುಕಿದ್ದು ಕತೇನಾ?"

"ಇಲ್ಲಿ ಭಾವ ಯಾರೂ ಇಲ್ಲ," ಎಂದರು ತಹಶೀಲ್ದಾರರು. "ಸದಾಶಿವಪ್ಪನವರೇ, ನೀವು ಕೋರಿಕೆ ಖಾಲಿ ಬಿಟ್ಟಿದ್ದೀರಿ. ಕೋರಿಕೆ ಇಲ್ಲದ ಅರ್ಜಿಯನ್ನು ನಾನು ಕಡತಕ್ಕೆ ಸೇರಿಸೋದು ಹೇಗೆ? ಏನಾಗಬೇಕು ನಿಮಗೆ?"

ನಲವತ್ತೊಂದು ವರ್ಷ ತಾವು ಕೇಳಿದ ಪ್ರಶ್ನೆಯನ್ನು ಬೇರೆಯವರ ಬಾಯಲ್ಲಿ ಅವರು ಕೇಳಿದ್ದು ಅದೇ ಮೊದಲು. ಇಷ್ಟು ಗಡುಸಾದ ಪ್ರಶ್ನೆ ಎಂದು ಗೊತ್ತಿರಲಿಲ್ಲ. ಈಶ್ವರ ಅವರನ್ನೇ ನೋಡುತ್ತಿದ್ದ. ಹೂವಮ್ಮನೂ ನೋಡುತ್ತಿದ್ದರು. ಕಣ ಆಗಬೇಕು ಎನ್ನಲು ಬಾಯಿ ತೆರೆದರು, ಕಾದಂಬರಿಯ ಏಳು ಮಕ್ಕಳು ನೆನಪಾಗಿ ಅದೇ ಸರಿ ಅನ್ನಿಸಿತು. ಅಷ್ಟರಲ್ಲಿ ಹೂವಮ್ಮನ 'ನಂಗೂ ಬ್ಯಾಡ' ಎಂಬ ಮಾತು ಅಡ್ಡ ಬಂತು.

"ನೆಲದ ವಿಷಯ ನನಗೆ ಗೊತ್ತಿಲ್ಲ ಮೇಡಂ," ಎಂದರು. "ಆ ಒಂದು ಉಲ್ಲೇಖ ಹೊಡೆದು ಹಾಕಿ. ಉಳಿದಿದ್ದೆಲ್ಲ ಹೂವಮ್ಮನ ಮಾತು, ಅದನ್ನ ಹಾಗೇ ಇಟ್ಕೊಳ್ಳಿ. ಅಷ್ಟೇ ನನ್ನ ಕೋರಿಕೆ."

"ಅದನ್ನೇ ಬರೀರಿ."

ಬರೆದು, ಸಹಿ ಮಾಡಿದರು. ತಹಶೀಲ್ದಾರರು ತಕರಾರು ಅರ್ಜಿಯ ಆ ಸಾಲುಗಳ ಮೇಲೆ ಗೆರೆ ಎಳೆದು ಚಿಕ್ಕ ಸಹಿ ಹಾಕಿದರು. ಹುಟ್ಟದವರ ಮಾತು ಗೆರೆಯ ಕೆಳಗೂ ಓದುವ ಹಾಗೇ ಇತ್ತು. ತಕರಾರು ಉಳಿಯಿತು. ಎರಡೂ ಕಡೆಯವರನ್ನು ಕರೆದುಕೊಂಡು ಹೋಗಿ ಜಾಗ ನೋಡಿ, ಕಣಕ್ಕೆ ಎಷ್ಟು ಬೇಕು, ಕುರಿಗೆ ಎಷ್ಟು ಬೇಕು ಎಂದು ಅಳತೆ ಮಾಡಿದ ಮೇಲೆಯೇ ವರದಿ ಎಂದು ಅವರು ಬರೆಸಿದರು. ಯಾರೂ ಗೆಲ್ಲಲಿಲ್ಲ.

ಹೊರಗೆ ಬಂದ ಹೂವಮ್ಮ ಅವರಿಗೆ ಕೃತಜ್ಞತೆ ಹೇಳಲಿಲ್ಲ. "ಇನ್ನು ಮುಂದೆ ಬರ್ದಿದ್ದನ್ನ ಯಾವ ಪುಸ್ತಕದ್ದು ಅಂತ ಕೇಳ್ಕೊಂಡೇ ಸಹಿ ಮಾಡ್ತೀನಿ," ಎಂದು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು.

ವಾಪಸು ಬರುವ ಬಸ್ಸಿನಲ್ಲಿ ಈಶ್ವರ ಪಕ್ಕದ ಸೀಟಿಗೆ ಬಂದು ಕೂತ. ಶಿರಾಳಕೊಪ್ಪ ಬಂದಾಗ ಕೈ ಚಾಚಿದ.

"ಆ ಪುಸ್ತಕ ಕೊಡ್ರಿ ಭಾವ. ಆ ಕಲಂನ ಅವ್ರು ಅಲ್ಲಿ ಹೆಂಗೆ ತೆಗೆದು ಹಾಕಿದ್ರು ನೋಡ್ತೀನಿ. ಪಾಯಿಂಟ್ ಏನಾದ್ರೂ ಸಿಗಬಹುದು."

ಸದಾಶಿವಪ್ಪನವರು ಕೊಟ್ಟರು. ಅಂತ್ಯವನ್ನು ಹೇಳಲಿಲ್ಲ.

ಹನ್ನೊಂದು ದಿನದ ಮೇಲೆ, ಮಂಗಳವಾರ ಬೆಳಿಗ್ಗೆ, ಅವರು ಚಪ್ಪಲಿ ಮೆಟ್ಟುತ್ತಿದ್ದಾಗ ಈಶ್ವರ ಪುಸ್ತಕ ತಂದು ಜಗಲಿಯ ಮೇಲೆ ಕುಕ್ಕಿದ. ಜೋಳದ ಲೆಕ್ಕ ಬರೆಯುವ ಕೆಂಪು ಪೆನ್ನಿನಲ್ಲಿ ಅವನೂ ಅಲ್ಲಲ್ಲಿ ಗೀಟು ಹಾಕಿದ್ದ.

"ಇದೆಂಥ ಪುಸ್ತಕ ಭಾವ? ಮೊದಲು ಚಾವಡಿ ಕಟ್ಟೋರು ಸರಿ ಅನ್ನಿಸ್ತದೆ, ಆಮೇಲೆ ಬ್ಯಾಡ ಅನ್ನೋರು ಸರಿ ಅನ್ನಿಸ್ತದೆ. ಕೊನೇಗೆ ನಮ್ಮೋರು ಯಾರು, ಅವ್ರು ಯಾರು ಅಂತಾನೇ ತಿಳೀಲಿಲ್ಲ. ನಿಮಗೆ ತಿಳೀತಾ?"

"ಇಲ್ಲ," ಎಂದರು ಸದಾಶಿವಪ್ಪನವರು.

"ಮತ್ತೆ ಯಾಕೆ ಓದ್ತೀರಿ?"

ಸದಾಶಿವಪ್ಪನವರು ಪುಸ್ತಕವನ್ನು ಲೈಬ್ರರಿಗೆ ಕೊಡಲು ಹೆಂಡತಿಯ ಕೈಗಿತ್ತು, ಚೀಲದಲ್ಲಿ ಹೊಸದೊಂದು ಕಾದಂಬರಿ ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಸೊರಬದ ಬಸ್ಸಿಗೆ ಹೊರಟರು.